ಸಾವಳಗಿಯ ಹಸಿರು

ಹುಕ್ಕೇರಿಯ ಗುಮ್ಮಟದೊಳಗೆ ಕಾಲಿಟ್ಟ ಕೂಡಲೇ ಪೇಟೆಯ ಗದ್ದಲ ಹಿಂದೆ ಸರಿಯುತ್ತದೆ. ಹೊರಗೆ ಬಸ್ಸುಗಳ ಹಾರ್ನು, ಚಾದಂಗಡಿಯ ಸ್ಟೋವಿನ ಭರ್ರೆನ್ನುವ ಸದ್ದು. ಒಳಗೆ ತಂಪು, ಪಾರಿವಾಳಗಳ ಗುಟುರು. ಕತ್ತೆತ್ತಿ ನಿಲ್ಲುತ್ತೇನೆ. ಚೌಕಾಗಿ ಎದ್ದ ಗೋಡೆಗಳು ಮೇಲೇರುತ್ತ ಏರುತ್ತ ಮೂಲೆಗಳನ್ನು ಬಿಟ್ಟುಕೊಟ್ಟು ದುಂಡಗಾಗುತ್ತವೆ. ಎಲ್ಲಿ ಚೌಕ ಮುಗಿಯಿತು, ಎಲ್ಲಿ ಗೋಲ ಶುರುವಾಯಿತು ಎಂದು ಕಣ್ಣು ಹುಡುಕುತ್ತಲೇ ಇರುತ್ತದೆ. ವಿಜಯಪುರದ ಗೋಳಗುಮ್ಮಟ ಕಟ್ಟುವುದಕ್ಕಿಂತ ಮುಂಚೆಯೇ, 16ನೇ ಶತಮಾನದಲ್ಲಿ, ಆದಿಲ್‌ಶಾಹಿ ಸರದಾರರ ಈ ಸೀಮೆಯಲ್ಲಿ ಇಂಥ ಗುಮ್ಮಟಗಳು ಎದ್ದು ನಿಂತಿದ್ದವು.

ಬಾಗಿಲ ಬಳಿ ನೆರಳಿಗೆ ಕೂತಿದ್ದ ಹಿರಿಯರೊಬ್ಬರು ನಾನು ಗೋಡೆ ಸವರುವುದನ್ನು ನೋಡಿ ಮಾತಿಗೆ ಬರುತ್ತಾರೆ. “ಮೊದಲ ಇಲ್ಲಿ ಗುಲಾಬಿ ಭಾಳ ಬೆಳೀತಿದ್ರಂತ್ರಿ ಸರ. ಇಲ್ಲಿಂದ ಬಿಜಾಪುರದ ಬಾದಶಾಗ ಹೋಗತಿದ್ದವಂತ.” ಗುಲಾಬಿ ತೋಟ ಈಗ ಕಾಣುವುದಿಲ್ಲ. ಆದರೆ ಮಾತು ಮುಗಿಸುವ ಮುನ್ನ ಅವರು ಊರ ಹಿರೇಮಠದ ದಾರಿಯನ್ನೂ ಕೈಮಾಡಿ ತೋರಿಸುತ್ತಾರೆ. “ಅದನ್ನೂ ನೋಡಿಕೊಂಡ ಹೋಗ್ರಿ ಮತ್ತ.” ಗುಮ್ಮಟ ನೋಡಲು ಬಂದವನು ಮಠ ನೋಡದೆ ಹೋಗುವುದು ಅವರಿಗೆ ಸರಿಕಾಣದು.

ಹುಕ್ಕೇರಿಯಿಂದ ಪೂರ್ವಕ್ಕೆ ಹೊರಟ ಬಸ್ಸು ಕಬ್ಬಿನ ನಡುವೆ ಸಾಗುತ್ತದೆ. ಎರಡೂ ಬದಿಗೆ ಆಳೆತ್ತರದ ಬೆಳೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎದುರಾದಾಗಲೆಲ್ಲ ಬಸ್ಸು ಮಣ್ಣಿಗಿಳಿದು ನಿಂತು ದಾರಿ ಬಿಡುತ್ತದೆ. ಇದು ಘಟಪ್ರಭೆಯ ನೀರುಂಡ ನೆಲ, ಹಿಡಕಲ್ ಅಣೆಕಟ್ಟಿನ ಕೆಳಗಿನ ಬಯಲು. ಇದೇ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಕವಿ, ನಾಟಕಕಾರ ಚಂದ್ರಶೇಖರ ಕಂಬಾರರು ಹುಟ್ಟಿದ್ದು. ಬಡತನದಿಂದ ಓದು ನಿಂತುಹೋದಾಗ ಹೈಸ್ಕೂಲಿನ ಖರ್ಚು ಹೊತ್ತು ಅವರನ್ನು ಮುಂದೆ ಕಳಿಸಿದವರು ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು. ಕಂಬಾರರ ಮೂಲಕ 2010ರ ಜ್ಞಾನಪೀಠ ಕನ್ನಡಕ್ಕೆ ಬಂದದ್ದರ ಹಿಂದೆ ಗೋಕಾಕ ತಾಲ್ಲೂಕಿನ ಆ ಮಠದ ಋಣವಿದೆ. ನಾನು ಹೊರಟಿರುವುದು ಅಲ್ಲಿಗೇ.

ಸಾವಳಗಿಯಲ್ಲಿ ಇಂದು ಅಮಾವಾಸ್ಯೆಯ ಜನ. ಚಪ್ಪಲಿಗಳ ರಾಶಿ ದಾಟಿ ಒಳಗೆ ಬರುತ್ತೇನೆ. ಒಡೆದ ಕಾಯಿಯ ನೀರು ಕಾಲಿಗೆ ಅಂಟುತ್ತದೆ. ಕರ್ಪೂರದ ವಾಸನೆಯ ಜೊತೆ ಊದಿನ ಹೊಗೆ ಮೂಗಿಗೆ ಬಡಿಯುತ್ತದೆ. ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದ ಹೆಂಗಸರು, ಹೆಗಲಿಗೆ ಮಕ್ಕಳನ್ನು ಏರಿಸಿಕೊಂಡ ಗಂಡಸರು, ಅವರ ನಡುವೆ ಬಿಳಿ ಟೊಪ್ಪಿಗೆಯ ಒಬ್ಬ ಮುದುಕ. ಎಲ್ಲರೂ ಒಂದೇ ಸಾಲು, ಎಲ್ಲರ ಕೈಯಲ್ಲೂ ಅದೇ ಕಾಯಿ, ಸಕ್ಕರೆ.

ಮಠದ ಮೂಲಪುರುಷ ಶಿವಲಿಂಗೇಶ್ವರರು. ಅವರಿಗೂ ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇನವಾಜರಿಗೂ ಗೆಳೆತನವಿತ್ತು, ಒಬ್ಬರನ್ನೊಬ್ಬರು ಗೌರವಿಸಿ ಉಡುಗೆ ಹಂಚಿಕೊಂಡರು ಎಂದು ಭಕ್ತರು ಹೇಳುತ್ತಾರೆ. ಬಂದೇನವಾಜರು ದೆಹಲಿ ಬಿಟ್ಟು ದಖ್ಖನಿಗೆ ಬಂದು, ಬಹಮನಿಗಳ ಕಾಲದಲ್ಲಿ ಕಲಬುರಗಿಯಲ್ಲಿ ನೆಲೆನಿಂತು, 1422ರಲ್ಲಿ ತೀರಿಕೊಂಡರು. ಕಲಬುರಗಿ ಇಲ್ಲಿಂದ ಎಷ್ಟು ದೂರ! ಆದರೂ ಆ ನಂಟಿನ ಗುರುತಾಗಿ ಇಲ್ಲಿನ ಪೀಠ ಇಂದಿಗೂ ಹಸಿರನ್ನು ಧರಿಸುತ್ತದೆ. ಕಾವಿಯನ್ನೇ ನೋಡಿ ಬೆಳೆದ ನನ್ನ ಕಣ್ಣಿಗೆ ವೀರಶೈವ ಮಠದಲ್ಲಿ ಆ ಹಸಿರು ಕಂಡಾಗ ಮೈ ಜುಮ್ಮೆಂದದ್ದು ನಿಜ. ಪಕ್ಕದಲ್ಲಿ ನಿಂತವರಿಗೆ ಅದರಲ್ಲಿ ವಿಶೇಷವೇನೂ ಇಲ್ಲ. ಅವರಿಗೆ ಅದು ತಮ್ಮ ಮಠದ ಅಜ್ಜಾರ ಬಣ್ಣ, ಅಷ್ಟೇ.

ದಾಸೋಹದ ಪಂಕ್ತಿಯಲ್ಲಿ ನನ್ನ ಬದಿಗೆ ಕೂತ ತಾಯಿಯನ್ನು ಯಾವ ಹರಕೆಗೆ ಬಂದಿರಿ ಎಂದು ಕೇಳುತ್ತೇನೆ. ಹುಗ್ಗಿಯ ಮೇಲೆ ಕೈಯಿಟ್ಟುಕೊಂಡೇ ಹೇಳುತ್ತಾಳೆ: “ಮೊಮ್ಮಗಗ ಆರಾಮ ಇರಲಿಲ್ರಿ. ಇಲ್ಲಿ ಅಜ್ಜಗೂ ಬೇಡ್ಕೊಂಡಿದ್ನಿ, ಊರಾಗ ಮೊಹರಮ್ ಡೋಲಿಗೂ ಸಕ್ರಿ ಓದಸ್ತೀನಂದಿದ್ನಿ. ಈಗ ಎರಡೂ ಮುಟ್ಟಸಬೇಕಲ್ರಿ.” ಮಾತು ಮುಗಿಸಿ ಮೊಮ್ಮಗನ ಬಾಯಿಗೆ ತುತ್ತಿಡುತ್ತಾಳೆ.

ಸಕ್ಕರೆ ಓದಿಸುವುದೆಂದರೆ ಮುಲ್ಲಾನ ಬಾಯಿಂದ ಫಾತಿಹಾ ಹೇಳಿಸಿ, ಆ ಸಕ್ಕರೆಯನ್ನು ಪ್ರಸಾದವಾಗಿ ಹಂಚುವುದು. ಈ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ ಮುಸಲ್ಮಾನರಿಗಷ್ಟೇ ಸೇರಿದ್ದಲ್ಲ. ಕ್ರಿ.ಶ. 680ರ ಕರ್ಬಲಾ ಕಾಳಗದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿಗೆ ಪಂಜಾಗಳು ಕೂರುತ್ತವೆ. ಅಲಾವಿ ಕುಣಿಯ ಸುತ್ತ ಲಿಂಗಾಯತರ, ಕುರುಬರ, ನಾಯಕರ ಹುಡುಗರು ಹೆಜ್ಜೆ ಹಾಕುತ್ತಾರೆ, ಹಸನ್ ಹುಸೇನರ ಶೋಕವನ್ನು ಕನ್ನಡದ ಪದ ಕಟ್ಟಿ ಹಾಡುತ್ತಾರೆ. ಭಾವೈಕ್ಯದ ಭಾಷಣಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಹರಕೆ ತೀರಿಸುವ ಈ ತಾಯಿಯ ಮಾತಿಗಿರುವ ಗಟ್ಟಿತನ ಅವುಗಳಲ್ಲಿ ಕಂಡಿಲ್ಲ. ಎರಡು ದೇವರಿಗೆ ಮಾತು ಕೊಟ್ಟವಳು ಎರಡನ್ನೂ ಉಳಿಸಿಕೊಳ್ಳಲು ಹೊರಟಿದ್ದಾಳೆ, ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ.

ಸಾವಳಗಿಯಿಂದ ಮೂಡಲಗಿಗೆ ಹೋದೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಶಿವಬೋಧರಂಗ ಮಠದ ಕಟ್ಟೆಯ ಮೇಲೆ ಕೂತು ನೀರು ಕುಡಿದು, ಹೆಸರಿನಲ್ಲೇ ಶಿವನನ್ನೂ ರಂಗನನ್ನೂ ಕೂಡಿಸಿಕೊಂಡ ಆ ಗದ್ದುಗೆಗೆ ನಮಸ್ಕರಿಸಿ ಎದ್ದೆ. ಹತ್ತಿರದ ಕಲ್ಲೋಳಿಯಲ್ಲಿ ರಟ್ಟರ ನಾಲ್ಕನೇ ಕಾರ್ತವೀರ್ಯನ ಕಾಲದ ಜೈನ ಶಾಸನವಿದೆ, 13ನೇ ಶತಮಾನದ ಆರಂಭದ್ದು. ಸೂಫಿಗಳು ಬರುವ ಮೊದಲೂ ಈ ನೆಲ ಒಂದೇ ಮತದ್ದಾಗಿರಲಿಲ್ಲ.

ಸಂಜೆಗೆ ಗೋಕಾಕ. ಫಾಲ್ಸಿನ ತೂಗುಸೇತುವೆಯ ಮೇಲೆ ನಡೆದರೆ ಕಾಲ ಕೆಳಗೆ ಹಲಗೆ ಅಲುಗುತ್ತದೆ. ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಕೆಂಪಾಗಿ ಧುಮುಕುತ್ತಾಳೆ, ಹನಿ ಮುಖಕ್ಕೆ ಸಿಡಿಯುತ್ತದೆ. ದಂಡೆಯ ಮೇಲೆ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ. ಊರೊಳಗೆ ಸವಣೂರು ನವಾಬರ ಆಳ್ವಿಕೆ ಬಿಟ್ಟುಹೋದ ಮಸೀದಿ. ಗುಡಿಯ ಗಂಟೆ ಬಾರಿಸಿ ಪೇಟೆಗೆ ಬರುವಷ್ಟರಲ್ಲಿ ಮಗ್ರಿಬ್‌ನ ಅಜಾನು ಕೇಳುತ್ತದೆ. ಅಂಗಡಿಯವನು ಅಂಟು, ಬೆಲ್ಲ, ಗೋಡಂಬಿಯ ಕರದಂಟನ್ನು ತೂಗಿ ಕಟ್ಟುತ್ತಿದ್ದಾನೆ.

ಮಳೆಗಾಲದಲ್ಲಿ ಸಾವಿರಾರು ಜನ ಈ ಜಲಪಾತಕ್ಕೆ ಬಂದು, ಫೋಟೋ ತೆಗೆದು, ಕರದಂಟಿನ ಡಬ್ಬಿ ಹಿಡಿದು ತಿರುಗಿ ಹೋಗುತ್ತಾರೆ. ಮುಂದಿನ ಸಲ ನೀವು ಬಂದಾಗ ಅರ್ಧ ದಿನ ಹೆಚ್ಚು ಇಟ್ಟುಕೊಳ್ಳಿ. ಹುಕ್ಕೇರಿಯ ಗುಮ್ಮಟಕ್ಕೆ ಹೋಗಿ, ಅದರ ಗೋಡೆಯ ಮೇಲೆ ಹೆಸರು ಕೆತ್ತುವ ಹುಡುಗರು ಕಂಡರೆ ತಡೆಯಿರಿ. ಸಾವಳಗಿಯ ಪಂಕ್ತಿಯಲ್ಲಿ ಕೂತು ಉಂಡು ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.