ತೀರದ ಬಾಕಿ

ನನಗಾಗ ಹತ್ತು ವರ್ಷ. ಕೋಲಾರಮ್ಮನ ಕೆರೆಯ ಜೊಂಡಿನ ಬಳಿ ಕೆಂಪು ಮೀನುಮರಿಗಳ ಗುಂಪು ಕಂಡಿತು. ಅಲ್ಲೇ ಗಾಳ ಹಾಕಿದೆ. ಮೊಳದುದ್ದದ ಕೊರಮೀನು ಸಿಕ್ಕಿತು!

“ಅದು ಹಸಿವಿಗೆ ಕಚ್ಚಿಲ್ಲ ಕಣಪ್ಪ, ಮರಿ ಕಾಯೋಕೆ ಕಚ್ಚಿದೆ. ಬಿಟ್ಟುಬಿಡು” ಎಂದರು ತಾತ. ನಾನು ಹಟ ಹಿಡಿದು ಮನೆಗೆ ತಂದೆ. ಮರುದಿನ ಜೊಂಡಿನ ಬಳಿ ಒಂದು ಮರಿಯೂ ಇರಲಿಲ್ಲ. ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನುಗಳು ನುಂಗುತ್ತವಂತೆ.

ಮುಂದೆ ಬ್ಯಾಂಕಿನಲ್ಲಿ ದಿನವೂ ಲೆಕ್ಕ ತಾಳೆ ನೋಡಿದೆ. ಆ ಬಾಕಿ ಮಾತ್ರ ತೀರಲಿಲ್ಲ.

ಒಣಗಿದ್ದ ನಮ್ಮ ಜಿಲ್ಲೆಯ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆ. ಮೊಮ್ಮಗ ಗಾಳ ಕೇಳಿದ, ಕೊಡಿಸಿದೆ. ಕರಾರು ಮೂರೇ: ಮರಿಗಳಿದ್ದಲ್ಲಿ ಹಾಕಬಾರದು, ಊಟಕ್ಕೆ ಬೇಕಾದಷ್ಟೇ ಹಿಡಿಯಬೇಕು, ಹರಿದ ದಾರವನ್ನು ದಡದಲ್ಲಿ ಬಿಡಬಾರದು.

ಮೊನ್ನೆ ಅವನು ಬರಿಗೈಲಿ ಬಂದ. “ತಾತ, ಕೆಂಪು ಮರಿಗಳಿದ್ದವು” ಎಂದ.