ಉಳಿದದ್ದೆಲ್ಲ ಹಾಗೇ ಇದ್ದರೆ

ಇಂಜಿನಿಯರಿಂಗ್ ಓದಿದವರಿಗೆಲ್ಲ ಆ ಡೊಂಕು 'ಡಿ' ನೆನಪಿರುತ್ತೆ. ಮ್ಯಾಥ್ಸ್ ಪೇಪರಿನಲ್ಲಿ ಸಾಲುಗಟ್ಟಲೆ ಬರೆದು, ಮಾರ್ಕ್ಸ್ ತಗೊಂಡು, ಅಲ್ಲೇ ಬಿಟ್ಟು ಬಂದಿರ್ತೀವಿ. ಅದರ ಹೆಸರು ಪಾರ್ಶಿಯಲ್ ಡೆರಿವೇಟಿವ್. ಒಂದು ಸಂಗತಿ ಹಲವು ಸಂಗತಿಗಳ ಮೇಲೆ ನಿಂತಿರುವಾಗ, ಉಳಿದದ್ದೆಲ್ಲ ಹಾಗೇ ಇರಲಿ ಅಂದುಕೊಂಡು ಒಂದನ್ನು ಮಾತ್ರ ಚೂರು ಅಲ್ಲಾಡಿಸಿ ನೋಡೋದು. ಅಷ್ಟೇ.

ಸೈಕಲ್ ಪಂಪನ್ನೇ ತಗೊಳ್ಳಿ. ಬಾಯಿ ಬಿಗಿಯಾಗಿ ಮುಚ್ಚಿ ಹಿಡಿಯನ್ನು ಒತ್ತಿದರೆ ಒಳಗಿನ ಗಾಳಿಯ ಒತ್ತಡ ಏರುತ್ತೆ. ಎಷ್ಟು? ಗಾಳಿಗಿರುವ ಜಾಗ ಶೇ. 1ರಷ್ಟು ಕಮ್ಮಿಯಾದರೆ ಒತ್ತಡ ಸುಮಾರು ಶೇ. 1ರಷ್ಟು ಜಾಸ್ತಿ. ಆದರೆ ಈ ಉತ್ತರಕ್ಕೊಂದು ಷರತ್ತಿದೆ: ಉಷ್ಣತೆ ಬದಲಾಗಬಾರದು. ನಿಧಾನಕ್ಕೆ ಒತ್ತಿದರೆ ಸರಿ, ಬಿಸಿ ಹೊರಗೆ ಹೋಗುತ್ತೆ. ಸರಸರ ಒತ್ತಿದರೆ? ಊರಲ್ಲಿ ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಗೊತ್ತು, ಪಂಪಿನ ಬುಡ ಬಿಸಿಯಾಗುತ್ತೆ. ಬಿಸಿಗೆ ಹೊರಹೋಗಲು ಪುರುಸೊತ್ತೇ ಸಿಗದಿದ್ದರೆ, ಅದೇ ಶೇ. 1ರ ಜೊತೆ ಕೆಲ್ವಿನ್ ಲೆಕ್ಕದ ಉಷ್ಣತೆಯೂ ಶೇ. 0.4ರಷ್ಟು ಏರಿ, ತನ್ನ ಪಾಲಿನ ಒತ್ತಡವನ್ನು ಸೇರಿಸುತ್ತೆ. ಒಟ್ಟು 1.4. ಹೀಗೆ ಅಲ್ಲಾಡಿದ ಪ್ರತಿಯೊಂದರ ಪಾಲನ್ನೂ ಕೂಡಿಸಿದರೆ ಸಿಗೋದೇ ಟೋಟಲ್ ಡಿಫರೆನ್ಷಿಯಲ್.

0.4 ಚಿಲ್ಲರೆ ಅನ್ನಿಸಬಹುದು. ನ್ಯೂಟನ್‌ನಂಥ ನ್ಯೂಟನ್‌ಗೇ ಅದು ಕೈಕೊಟ್ಟಿತ್ತು! ಗಾಳಿಯಲ್ಲಿ ಶಬ್ದ ಸಾಗೋದು ಅಂದರೆ ಗಾಳಿ ಹಿಂಡಿಕೊಳ್ಳುತ್ತಾ, ಸಡಿಲವಾಗುತ್ತಾ ಹೋಗೋದು. 1687ರ 'ಪ್ರಿನ್ಸಿಪಿಯಾ'ದಲ್ಲಿ ಅವನು ಆ ವೇಗ ಲೆಕ್ಕ ಹಾಕಿದ ರೀತಿ ಉಷ್ಣತೆ ಬದಲಾಗಲ್ಲ ಅಂದುಕೊಂಡ ಹಾಗಿತ್ತು. ಇವತ್ತಿನ ಅಂಕಿಗಳನ್ನು ಆ ಸೂತ್ರಕ್ಕೆ ಹಾಕಿದರೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 280 ಮೀಟರ್ ಬರುತ್ತೆ. ನಿಜವಾದ ವೇಗ 331. ಈ ಕೊರತೆಗೆ ಕಾರಣವನ್ನು 1816ರಲ್ಲಿ ಪ್ರಕಟಿಸಿದವನು ಲಾಪ್ಲಾಸ್: ಶಬ್ದ ಗಾಳಿಯನ್ನು ಹಿಂಡುವ ಅವಸರದಲ್ಲಿ ಬಿಸಿ ಆಚೀಚೆ ಹೋಗೋಕೆ ಸಮಯವೇ ಇರಲ್ಲ. 280ನ್ನು 1.4ರ ವರ್ಗಮೂಲದಿಂದ ಗುಣಿಸಿ ನೋಡಿ, 331 ಬರುತ್ತೆ. ಅದೇ ಗಾಳಿ, ಅದೇ ಶಬ್ದ. ಯಾವುದನ್ನು ಬದಲಾಗದೆ ಹಿಡಿದಿಟ್ಟಿದ್ದೀವಿ ಅನ್ನೋದಷ್ಟೇ ಬೇರೆ.

ಈ ಲೆಕ್ಕ ಈಗ ತಲೆಗೆ ಬರೋಕೆ ಕಾರಣ ಇದೆ. ಹೋದ ವಾರ ಪುಣೆಯ ಕಂಪನಿಯೊಂದರಿಂದ ಆಫರ್ ಬಂದಿದೆ. ಸಂಬಳ ಶೇ. 30 ಜಾಸ್ತಿ. ಉಳಿದದ್ದೆಲ್ಲ ಹಾಗೇ ಇದ್ದರೆ ಯೋಚನೆ ಮಾಡೋಕೇನಿದೆ? ಆದರೆ ಅಪ್ಪ ಅಮ್ಮ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಇಬ್ಬರೇ ಇದ್ದಾರೆ. ಈಗ ಎರಡು ವಾರಕ್ಕೊಮ್ಮೆ ಶನಿವಾರ ಬೆಳಗ್ಗೆ ಟ್ರೇನ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀನಿ. ಅಪ್ಪನ ಶುಗರ್ ಟೆಸ್ಟು, ಕಾಯಿ ಕೆಡವಿಸೋದು, ಕರೆಂಟ್ ಬಿಲ್ಲು, ಎಲ್ಲವೂ ಆ ಟ್ರೇನಿಗೇ ಕಟ್ಟಿಕೊಂಡಿವೆ. ಸಂಬಳ ಅಲ್ಲಾಡಿದರೆ ಇವೂ ಅಲ್ಲಾಡುತ್ತವೆ. ಕೆಲವು ಪಾಲು ಮೈನಸ್ಸಿನಲ್ಲಿ.

ಫೋನಿನಲ್ಲಿ ವಿಷಯ ಹೇಳಿದೆ. ಅಪ್ಪ ಕೇಳಿದ್ದು ಒಂದೇ, "ಎಷ್ಟು ಜಾಸ್ತಿ ಕೊಡ್ತಾರಂತೆ?" ಅಮ್ಮ ಫೋನ್ ಇಸ್ಕೊಂಡು, "ಅಲ್ಲಿಗೋದ್ರೆ ತಿಂಗಳಿಗೆ ಎಷ್ಟು ಸಲ ಬರಕ್ಕಾಗುತ್ತಪ್ಪ?" ಅಂದಳು.

ಶುಕ್ರವಾರದೊಳಗೆ ಹೇಳಬೇಕು. ಅಪ್ಪನ ಪ್ರಶ್ನೆಗೆ ಉತ್ತರ ಆಫರ್ ಲೆಟರಿನ ಮೊದಲ ಪುಟದಲ್ಲೇ ಇದೆ. ಅಮ್ಮನ ಪಾಲನ್ನು ಇನ್ನೂ ಕೂಡಿಸ್ತಾ ಇದ್ದೀನಿ.