ಭದ್ರಾವತಿಯಲ್ಲೊಂದು ‘ದರೋಡೆ’ ಜಾಗರಣೆ

ರಾತ್ರಿಯಿಡೀ ನಿದ್ದೆಗೆಡೋದು ನಮ್ಮ ಕಡೆ ಹೊಸದಲ್ಲ. ಶಿವರಾತ್ರಿ ಜಾಗರಣೆ ಇದೆ, ಬೆಳಗಿನವರೆಗೆ ನಡೆಯೋ ಯಕ್ಷಗಾನ ಇದೆ. ಶಿವಮೊಗ್ಗ ಜಿಲ್ಲೆಗೆ ಜಗತ್ತಿನ ಸಿನಿಮಾನೂ ಹೊಸದಲ್ಲ. ಹೆಗ್ಗೋಡಿನ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿತ್ತು. ಎರಡನ್ನೂ ಸೇರಿಸಿ ನಾವು ಮೂವರು ಗೆಳೆಯರು ಒಂದು ಶನಿವಾರ ಹಳೇ ದರೋಡೆ ಸಿನಿಮಾಗಳ ಜಾಗರಣೆ ಇಟ್ಟುಕೊಂಡ್ವಿ.

ಪ್ರೊಜೆಕ್ಟರ್ ಇದ್ದದ್ದು ಶಿವಮೊಗ್ಗದ ಗೆಳೆಯನ ಹತ್ರ, ದೊಡ್ಡ ಹಾಲ್ ಇದ್ದದ್ದು ಭದ್ರಾವತಿಯ ನಮ್ಮ ದೊಡ್ಡಪ್ಪನ ಮನೇಲಿ. ತುಂಗೆಯ ಊರಿಂದ ಭದ್ರೆಯ ಊರಿಗೆ ಸುಮಾರು 20 ಕಿ.ಮೀ. ಗೋಪಿ ಸರ್ಕಲ್ ಹತ್ರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಹೊರಟ್ವಿ.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವೆರಡೇ ಊರಿನ ಗಡಿಯಾರ ಆಗಿದ್ದವು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಾಗದನಗರದ ರಸ್ತೆಗಳಲ್ಲಿ ಈಗ ಸಂಜೆ ಏಳಕ್ಕೇ ರಾತ್ರಿ.

ಮೊದಲನೇದು ಜಾನ್ ಹ್ಯೂಸ್ಟನ್‌ರ ‘ದಿ ಆಸ್ಫಾಲ್ಟ್ ಜಂಗಲ್’ (1950). ನಿವೃತ್ತ ಫಿಟರ್ ಆದ ದೊಡ್ಡಪ್ಪ ‘ಹತ್ತು ನಿಮಿಷ ನೋಡ್ತೀನಿ’ ಅಂತ ಕೂತವರು ಏಳಲೇ ಇಲ್ಲ. ಸಿನಿಮಾ ಮುಗಿದಾಗ ಅವರ ತೀರ್ಪು: “ಕೆಲ್ಸ ಮಾಡಿದೋರು ಸರಿಯಾಗೇ ಮಾಡಿದ್ರು ಕಣೋ. ದುಡ್ಡು ಕೊಡ್ತೀನಿ ಅಂದೋನು ಕೈಕೊಟ್ಟ.”

ಮಧ್ಯರಾತ್ರಿ ದಾಟಿದ ಮೇಲೆ ಜೂಲ್ಸ್ ದಾಸಿನ್‌ರ ಫ್ರೆಂಚ್ ಸಿನಿಮಾ ‘ರಿಫಿಫಿ’ (1955). ಅದರ ದರೋಡೆ ಸುಮಾರು ಅರ್ಧ ಗಂಟೆ. ಒಂದು ಮಾತಿಲ್ಲ, ಸಂಗೀತವಿಲ್ಲ. ಮೇಲಿನ ಮನೆಯ ನೆಲ ಕೊರೆದು, ತೂತಿನಿಂದ ಕೊಡೆ ಇಳಿಸಿ ಬಿಚ್ಚುತ್ತಾರೆ, ಗಾರೆ ಚೂರು ಕೆಳಗೆ ಬಿದ್ದು ಸದ್ದಾಗದಿರಲಿ ಅಂತ. ಅಲಾರಂ ಬಾಯಿಗೆ ಬೆಂಕಿ ಆರಿಸೋ ನೊರೆ ತುಂಬುತ್ತಾರೆ. ನಮ್ಮ ಮಂಡಕ್ಕಿ ಅಗಿಯೋ ಸದ್ದೂ ನಿಂತುಹೋಯ್ತು.

ದೊಡ್ಡಪ್ಪ ಮೆಲ್ಲಗೆ ಹೇಳಿದ್ರು: “ನಮ್ ಶಿಫ್ಟೂ ಹಿಂಗೇ ಇತ್ತು. ಮಿಷನ್ ಸದ್ದಿಗೆ ಮಾತು ಕೇಳ್ತಿರ್ಲಿಲ್ಲ. ಎಲ್ಲಾ ಕೈಸನ್ನೇಲೇ. ಸ್ಪ್ಯಾನರ್ ಕೇಳೋದ್ರೊಳಗೆ ಪಕ್ಕದೋನು ಕೊಟ್ಟಿರ್ತಿದ್ದ.”

ದಿನಕ್ಕೆ ನಾಲ್ಕು ಮೀಟಿಂಗ್ ಮಾಡೋ ನನಗೆ ಅಲ್ಲಿವರೆಗೆ ಹೊಳೆದಿರಲಿಲ್ಲ: ಈ ಸಿನಿಮಾಗಳಲ್ಲಿ ನಮ್ಮನ್ನು ಹಿಡಿದು ಕೂರಿಸೋದು ಕಳ್ಳತನ ಅಲ್ಲ, ಕೆಲಸ ಬಲ್ಲ ನಾಲ್ಕು ಜನ ಒಬ್ಬರನ್ನೊಬ್ಬರು ನಂಬೋ ರೀತಿ. ಕಾರ್ಖಾನೆ ನಿಂತಾಗ ಸಂಬಳದ ಜೊತೆ ಅಂಥ ತಂಡಗಳೂ ಚೆದುರುತ್ತವೆ. ಅದರ ಲೆಕ್ಕ ಯಾವ ಕಡತದಲ್ಲೂ ಇರೋಲ್ಲ.

ಬೆಳಗಿನ ಜಾವ ಮಾರಿಯೋ ಮೊನಿಚೆಲ್ಲಿಯವರ ಇಟಾಲಿಯನ್ ಸಿನಿಮಾ ‘ಬಿಗ್ ಡೀಲ್ ಆನ್ ಮಡೋನಾ ಸ್ಟ್ರೀಟ್’ (1958). ಇದರ ಪೆದ್ದು ಕಳ್ಳರು ತಪ್ಪು ಗೋಡೆ ಒಡೆದು, ಸಿಕ್ಕಿದ ಪಾಸ್ತಾ-ಕಡಲೆ ತಿಂದು ಹೊರಡ್ತಾರೆ. ದೊಡ್ಡಪ್ಪ ಕಣ್ಣೊರೆಸಿಕೊಂಡು ನಕ್ಕರು. ಒಳಗಿಂದ ದೊಡ್ಡಮ್ಮ, “ಸಾಕು, ಕಾಫಿಗೆ ಬನ್ನಿ” ಅಂದ್ರು.

ನೀವೂ ಇಂಥ ಜಾಗರಣೆ ಮಾಡೋದಾದ್ರೆ ‘ರಿಫಿಫಿ’ಯನ್ನು ಮಧ್ಯರಾತ್ರಿಗೇ ಇಟ್ಟುಕೊಳ್ಳಿ, ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ. ಕೈಕೆಲಸ ಬಲ್ಲ ಹಿರಿಯರೊಬ್ಬರು ಜೊತೆಗಿದ್ದರೆ ಆ ಅರ್ಧ ಗಂಟೆಯ ಮೌನಕ್ಕೂ ಸಬ್‌ಟೈಟಲ್ ಸಿಗುತ್ತೆ.